ಟನ್ನಿಗೆ 24 ರೂಪಾಯಿ: ಧೂಳು ನುಂಗುವ ಊರಿನ ಪಾಲು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಕಡೆಯ ಬಹಳಷ್ಟು ಹೊಲಗಳಲ್ಲಿ ಮೇಲೆ ತೊಗರಿ, ಕೆಳಗೆ ಸುಣ್ಣಕಲ್ಲು. ತೊಗರಿಯ ಧಾರಣೆ ಇವತ್ತು ಎಷ್ಟಿದೆ ಎಂದು ಕೇಳಿದರೆ ಊರಿನ ಸಣ್ಣ ಹುಡುಗನೂ ಹೇಳುತ್ತಾನೆ. ಅದೇ ಹೊಲದ ಪಕ್ಕದ ಗಣಿಯಿಂದ ಒಂದು ಟನ್ ಕಲ್ಲು ಎದ್ದರೆ ಊರಿಗೆ ಎಷ್ಟು ಬರಬೇಕು ಎಂದು ಕೇಳಿ ನೋಡಿ, ಪಂಚಾಯಿತಿ ಸದಸ್ಯರಲ್ಲೂ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೊಡಬೇಕಾದ ದುಡ್ಡಿನ ಲೆಕ್ಕ ಗೊತ್ತಿಲ್ಲದ ಕಡೆ ನ್ಯಾಯ ಕೇಳುವುದು ಕಷ್ಟ. ಆದ್ದರಿಂದ ಲೆಕ್ಕದಿಂದಲೇ ಶುರುಮಾಡೋಣ.

2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ 9ಬಿ ಎಂಬ ಕಲಂ ಸೇರಿತು. ಗಣಿಗಾರಿಕೆಯಿಂದ ತೊಂದರೆಗೊಳಗಾದ ಜನರ ಮತ್ತು ಪ್ರದೇಶದ ಹಿತಕ್ಕಾಗಿ ಗಣಿಗಾರಿಕೆಯಿಂದ ಬಾಧಿತವಾದ ಪ್ರತಿ ಜಿಲ್ಲೆಯಲ್ಲೂ ಒಂದು ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು ಎನ್ನುತ್ತದೆ ಅದು. ಕಚೇರಿಗಳಲ್ಲಿ ಎಲ್ಲರೂ ಡಿಎಂಎಫ್ ಎನ್ನುತ್ತಾರೆ. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, ಅದರಿಂದ ಕಳೆದು ಅಲ್ಲ, ಅದರ ಮೇಲೆ ಈ ನಿಧಿಗೆ ಕಟ್ಟಬೇಕು. 2015ರ ಜನವರಿ 12ಕ್ಕಿಂತ ಮೊದಲು ಕೊಟ್ಟ ಗುತ್ತಿಗೆಗೆ ರಾಜಧನದ ಶೇ 30, ಆಮೇಲೆ ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಶೇ 10.

ಸಿಮೆಂಟಿಗೆ ಬಳಸುವ ಸುಣ್ಣಕಲ್ಲಿಗೆ 2014ರಲ್ಲಿ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. ಹಾಗಾದರೆ ಹಳೆಯ ಗುತ್ತಿಗೆಯಿಂದ ಟನ್ನಿಗೆ 24 ರೂಪಾಯಿ, ಹರಾಜಿನ ಗುತ್ತಿಗೆಯಿಂದ 8 ರೂಪಾಯಿ. ಸಿಮೆಂಟಿಗಾಗಿ ಅರೆಯುವ ಸುಟ್ಟ ಉಂಡೆಗೆ ಕ್ಲಿಂಕರ್ ಎನ್ನುತ್ತಾರೆ; ಒಂದು ಟನ್ ಕ್ಲಿಂಕರ್ ಸುಡಲು ಸುಮಾರು ಒಂದೂವರೆ ಟನ್ ಕಲ್ಲು ಬೇಕು. ವರ್ಷಕ್ಕೆ 20 ಲಕ್ಷ ಟನ್ ಕ್ಲಿಂಕರ್ ಮಾಡುವ ಒಂದು ಕಾರ್ಖಾನೆ ಎಂದುಕೊಳ್ಳಿ: 30 ಲಕ್ಷ ಟನ್ ಕಲ್ಲು, ಹಳೆಯ ಗುತ್ತಿಗೆಯಾದರೆ ವರ್ಷಕ್ಕೆ 7 ಕೋಟಿ 20 ಲಕ್ಷ, ಹರಾಜಿನದಾದರೆ 2 ಕೋಟಿ 40 ಲಕ್ಷ. ಹರಾಜಿನವರು ಸರ್ಕಾರಕ್ಕೆ ಬೇರೆಯಾಗಿ ಪ್ರೀಮಿಯಂ ಕಟ್ಟುತ್ತಾರೆ ನಿಜ, ಆದರೆ ಅದು ರಾಜ್ಯದ ಖಜಾನೆಗೆ ಹೋಗುತ್ತದೆ, ಊರಿಗಲ್ಲ. ಧೂಳು ಎರಡೂ ಗಣಿಗಳದ್ದು ಒಂದೇ ಇರುವಾಗ ಊರಿನ ಪಾಲು ಮೂರನೇ ಒಂದಕ್ಕೆ ಇಳಿಯುವುದು ಕಾಯ್ದೆಯಲ್ಲಿರುವ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಳೆಯ ಗುತ್ತಿಗೆಗಳು ಮುಗಿದು ಹೊಸವು ಬಂದಂತೆಲ್ಲ ಈ ಅಂತರ ಹೆಚ್ಚು ತಟ್ಟುತ್ತದೆ.

ಈ ದುಡ್ಡು ಹೇಗೆ ಖರ್ಚಾಗಬೇಕು ಎಂಬುದಕ್ಕೆ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ನಿಯಮಗಳಿವೆ. 2024ರ ಜನವರಿಯಲ್ಲಿ ಅವು ಬದಲಾದವು. ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರ್ ಒಳಗಿನದು ಪರೋಕ್ಷ ಬಾಧಿತ ಪ್ರದೇಶ. ಕನಿಷ್ಠ ಶೇ 70ರಷ್ಟು ದುಡ್ಡು ನೇರ ಬಾಧಿತ ಪ್ರದೇಶಕ್ಕೇ ಹೋಗಬೇಕು. ಕುಡಿಯುವ ನೀರು, ಮಾಲಿನ್ಯ ತಡೆ, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳು, ವೃದ್ಧರು ಮತ್ತು ಅಂಗವಿಕಲರು, ಕೌಶಲ ತರಬೇತಿ, ನೈರ್ಮಲ್ಯ ಇವು ಆದ್ಯತೆಯ ಪಟ್ಟಿಯಲ್ಲಿವೆ. ರಸ್ತೆ, ಸೇತುವೆ, ನೀರಾವರಿ, ವಿದ್ಯುತ್ ಅದರ ನಂತರ.

15 ಕಿಲೋಮೀಟರ್ ಎಂಬುದು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮಳಖೇಡ, ಸೇಡಂ, ವಾಡಿ, ಶಹಾಬಾದ್ ಸುತ್ತಲಿನ ಗಣಿಗಳಿಗೆಲ್ಲ ಇಂಥ ವೃತ್ತ ಎಳೆದರೆ ಎರಡು ತಾಲ್ಲೂಕುಗಳ ಬಹುಪಾಲು ಅದರೊಳಗೇ ಬೀಳುತ್ತದೆ. ಬ್ಲಾಸ್ಟಿಂಗ್‌ಗೆ ಗೋಡೆ ನಡುಗುವ, ಗಣಿಯ ಅಂಚಿನಿಂದ 600 ಮೀಟರ್ ದೂರದ ಊರಿಗೂ, 14 ಕಿಲೋಮೀಟರ್ ಆಚೆಯ ಪಟ್ಟಣಕ್ಕೂ ನಿಯಮದ ಕಣ್ಣಿಗೆ ವ್ಯತ್ಯಾಸವಿಲ್ಲ. ಪಟ್ಟಣದವರು ಕಚೇರಿಗೆ ಹತ್ತಿರ, ಅವರ ಅರ್ಜಿ ಬೇಗ ತಲುಪುತ್ತದೆ. ಹತ್ತಿರದ ಊರು ತನ್ನ ಹತ್ತಿರವನ್ನು ತಾನೇ ಸಾಬೀತು ಮಾಡಿ ತೋರಿಸಬೇಕು. ಈ ಬರಹದ ಮುಖ್ಯ ವಿಷಯ ಇದೇ: ಬೇಡಿಕೆ ಅಲ್ಲ, ಪುರಾವೆ ಸಮೇತದ ಪ್ರಸ್ತಾವನೆ.

ಮೊದಲು ಧೂಳು. "ಹೊಲದಾಗ ಬೂದಿ ಸುರಿದಂಗ ಆಗ್ಯಾದ ಸಾಹೇಬ್ರ" ಎಂದು ಹೇಳಿದರೆ ಅಧಿಕಾರಿ ತಲೆಯಾಡಿಸಿ ಬಿಡುತ್ತಾರೆ. ಅಂಕಿ ಬೇಕು. 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ, ಅಂಚು ಎತ್ತರವಿರುವ ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಮನೆಯ ಮಾಳಿಗೆ ಮೇಲೆ, ನೆಲದ ಕಸ ಹಾರಿ ಬೀಳದಂತೆ ಎದೆಯೆತ್ತರದ ಕಟ್ಟೆಯ ಮೇಲಿಡಿ. ಮರದ ಕೆಳಗೆ ಬೇಡ, ಒಲೆಯ ಹೊಗೆ ತಾಗುವ ಕಡೆ ಬೇಡ. 30 ದಿನ ಬಿಟ್ಟು ಸಣ್ಣ ಕುಂಚದಿಂದ ಧೂಳನ್ನು ಕಾಗದಕ್ಕೆ ಗುಡಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ತಟ್ಟೆಯ ವಿಸ್ತೀರ್ಣ 0.09 ಚದರ ಮೀಟರ್. ಬಂದ ಗ್ರಾಮನ್ನು ಅದರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ತಿಂಗಳಿಗೆ ಎಷ್ಟು ಎಂಬುದು ಸಿಗುತ್ತದೆ. ಒಂದೇ ತಟ್ಟೆಯಿಂದ ಏನೂ ಸಾಬೀತಾಗುವುದಿಲ್ಲ. ಕಾರ್ಖಾನೆಯಿಂದ ದೂರದ, ಗಾಳಿ ಬರುವ ದಿಕ್ಕಿನ ಊರಲ್ಲಿ ಬೀಗರೋ ನೆಂಟರೋ ಇದ್ದರೆ ಅವರ ಮಾಳಿಗೆ ಮೇಲೂ ಅಂಥದೇ ತಟ್ಟೆ ಇಡಿಸಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಮಾತು. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ, ತಟ್ಟೆ ತುಂಬಿ ಹರಿಯುತ್ತದೆ.

ದಿಕ್ಕು ಮುಖ್ಯ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ. ದೀಪಾವಳಿ ದಾಟಿದ ಮೇಲೆ ಪೂರ್ವ, ಈಶಾನ್ಯದಿಂದ. ತೊಗರಿ ಹೂವಾಗುವುದು ಆ ಎರಡನೆಯ ಹೊತ್ತಿನಲ್ಲೇ. ಹಾಗಾಗಿ ಕಾರ್ಖಾನೆಯ ಪಶ್ಚಿಮಕ್ಕೂ ನೈರುತ್ಯಕ್ಕೂ ಇರುವ ಹೊಲಗಳಿಗೆ ಹೂವಿನ ಕಾಲದಲ್ಲೇ ಧೂಳು ಹೆಚ್ಚು ಬೀಳುತ್ತದೆ. ಬೆಳಗಿನ ಇಬ್ಬನಿಗೆ ಸಿಮೆಂಟಿನ ಧೂಳು ನೆನೆದು ಎಲೆಯ ಮೇಲೆ ತೆಳುವಾದ ಗಾರೆಯಂತೆ ಹೆಪ್ಪುಗಟ್ಟುತ್ತದೆ, ಕ್ಷಾರ ಗುಣವಿರುವುದರಿಂದ ಎಲೆ ಸುಡುತ್ತದೆ, ಉಸಿರಾಡುವ ರಂಧ್ರ ಮುಚ್ಚುತ್ತದೆ. ಕೈಯಲ್ಲಿ ಉಜ್ಜಿದರೆ ಉದುರುವುದು ರಸ್ತೆಯ ಮಣ್ಣು. ಉಜ್ಜಿದರೂ ಪೊರೆಯಂತೆ ಅಂಟಿಕೊಂಡಿರುವುದು ಸಿಮೆಂಟಿನದು ಎಂದು ಮೊದಲ ಅಂದಾಜಿಗೆ ಹೇಳಬಹುದು.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಹೂ ಉದುರಿದ್ದಕ್ಕೆಲ್ಲ ಧೂಳೇ ಕಾರಣ ಎಂದು ಬರೆದರೆ ಕೃಷಿ ವಿಜ್ಞಾನಿ ಒಂದೇ ಭೇಟಿಯಲ್ಲಿ ಅರ್ಜಿಯನ್ನು ಬೀಳಿಸುತ್ತಾರೆ. ಮೋಡ, ಮಂಜು, ತೇವದ ಕೊರತೆಯಿಂದಲೂ ಹೂ ಉದುರುತ್ತದೆ. ಸೊರಗು ರೋಗ, ಗೊಡ್ಡು ರೋಗ ಬೇರೆ ಇವೆ. ಮಣ್ಣಿನ ಕ್ಷಾರವನ್ನು ಪುರಾವೆಯಾಗಿ ಕೊಡುವುದೂ ದಂಡ, ನಮ್ಮ ಎರೆಮಣ್ಣು ಮೊದಲೇ ಸುಣ್ಣದ ಅಂಶದ್ದು. ಬದಲಿಗೆ ಒಂದೇ ತಳಿ, ಒಂದೇ ವಾರದಲ್ಲಿ ಬಿತ್ತಿದ ಎರಡು ಹೊಲ ಆರಿಸಿ, ಒಂದು ಹತ್ತಿರದ್ದು, ಒಂದು ದೂರದ್ದು. ಎರಡರಲ್ಲೂ 5 ಮೀಟರ್ ಉದ್ದಗಲದ ಮೂರು ಮೂರು ಚೌಕ ಗುರುತಿಸಿ ರಾಶಿ ಹೊತ್ತಿನಲ್ಲಿ ಬೇರೆಯಾಗಿ ಬಡಿದು ತೂಗಿ. ರೈತ ಸಂಪರ್ಕ ಕೇಂದ್ರದ ಅಧಿಕಾರಿಗೆ ಮುಂಚೆಯೇ ಬರೆದು ಪಂಚನಾಮೆಗೆ ಕರೆಯಿರಿ; ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ಪತ್ರ ಹಾಕಿ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಳೆ ಇದು. ಅದರ ಗುಣಮಟ್ಟ ಕಾಯುವುದು ಜಿಲ್ಲೆಯ ಕೆಲಸ ಎಂದು ಆ ಪತ್ರದಲ್ಲೇ ಬರೆಯಿರಿ.

ಮನೆಯ ಬಿರುಕಿನದು ಇನ್ನೂ ಸೂಕ್ಷ್ಮ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ, ಗಣಿಯೇ ಇಲ್ಲದ ಊರಲ್ಲೂ ಗೋಡೆ ಸೀಳುತ್ತದೆ. ಕಾರ್ಖಾನೆಯವರ ಮೊದಲ ಉತ್ತರ ಅದೇ ಆಗಿರುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಹಾಗಾಗಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಪ್ಲಾಸ್ಟರಿನಿಂದ ಅಂಟಿಸಿ. ಬ್ಲಾಸ್ಟಿಂಗ್ ಆದ ದಿನವೇ ಗಾಜು ಒಡೆದರೆ ಒಂದು ಮಾತು, ಏಪ್ರಿಲ್‌ನಲ್ಲಿ ನಿಧಾನವಾಗಿ ಒಡೆದರೆ ಇನ್ನೊಂದು. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬ್ಲಾಸ್ಟಿಂಗಿನ ತಾರೀಖು, ಸೈರನ್ ಕೂಗಿದ ಹೊತ್ತು, ಕಲ್ಲು ಹಾರಿ ಬಂತೇ ಎಂಬುದನ್ನು ಬರೆಯುತ್ತ ಹೋಗಿ.

ಆ ನೋಟ್‌ಬುಕ್ಕಿಗೆ ಬೆಲೆ ಬರುವುದು ಕಂಪನದ ದಾಖಲೆ ಎದುರಿಗಿಟ್ಟಾಗ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ ಊರಿನ ಸಾಮಾನ್ಯ ಮನೆಗಳ ಬಳಿ ನೆಲದ ಕಂಪನ, ಆವರ್ತನ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬುದು) 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 8ರಿಂದ 25 ಹರ್ಟ್ಸ್ ಇದ್ದರೆ 10, ಅದಕ್ಕಿಂತ ಹೆಚ್ಚಿದ್ದರೆ 15. ಹಳೆಯ ಸ್ಮಾರಕಗಳಿಗೆ ಇದೇ ಮಿತಿ 2, 5, 10. ಗಣಿಯವರು ಕೆಲವೊಮ್ಮೆ ಬರೀ ವೇಗದ ಅಂಕಿ ಕೊಟ್ಟು ಆವರ್ತನ ಬಿಡುತ್ತಾರೆ. ಆವರ್ತನ ಇಲ್ಲದೆ ಆ ಅಂಕಿಗೆ ಅರ್ಥವಿಲ್ಲ, ಎರಡನ್ನೂ ಕೇಳಿ. ಯಂತ್ರ ಎಲ್ಲಿಟ್ಟಿದ್ದರು ಎಂಬುದನ್ನೂ ಕೇಳಿ: ಗಣಿ ಕಚೇರಿಯ ಬಾಗಿಲಲ್ಲಿ ಇಟ್ಟ ಯಂತ್ರ ಊರಿನ ಗೋಡೆಯ ಬಗ್ಗೆ ಏನೂ ಹೇಳುವುದಿಲ್ಲ.

ಬಾವಿ, ಬೋರ್‌ವೆಲ್ ನೀರಿಗೆ ಗ್ರಾಮ ಪಂಚಾಯಿತಿಯಲ್ಲಿರುವ ಜಲಜೀವನ್ ಪರೀಕ್ಷಾ ಕಿಟ್ ಮೊದಲ ಹೆಜ್ಜೆಗೆ ಸಾಕು, ಪುರಾವೆಗೆ ಸಾಲದು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ. ಬೋರ್ ಐದು ನಿಮಿಷ ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 2000. ಗಡಸುತನ 200, ಹಾಗೆಯೇ 600. ನೈಟ್ರೇಟ್ 45, ಫ್ಲೋರೈಡ್ 1, ಹೆಚ್ಚೆಂದರೆ 1.5. ಸುಣ್ಣಕಲ್ಲಿನ ನೆಲದಲ್ಲಿ ಗಡಸು ನೀರು ಸಹಜ, ಅದೊಂದನ್ನೇ ಹಿಡಿದು ಗಣಿಯನ್ನು ದೂರಬೇಡಿ. ಗಣಿ ತಳಕ್ಕಿಳಿದು ನೀರು ಹೊರಹಾಕತೊಡಗಿದ ಮೇಲೆ ಬಾವಿಯ ಮಟ್ಟ ಎಷ್ಟು ಇಳಿಯಿತು ಎಂಬುದು ಹೆಚ್ಚು ಬಲವಾದ ಮಾತು. ಪ್ರತಿ ಅಮಾವಾಸ್ಯೆಗೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದು ಬರೆದರೂ ಒಂದು ವರ್ಷದಲ್ಲಿ ಒಳ್ಳೆಯ ದಾಖಲೆ ಆಗುತ್ತದೆ.

ಯಾದಗಿರಿಯ ಕಡೇಚೂರು, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶಗಳ ಸುತ್ತಲಿನವರಿಗೂ ಈ ನೀರಿನ ಭಾಗ ಹೊಂದುತ್ತದೆ. ರಾಸಾಯನಿಕ, ಔಷಧ ಕಾರ್ಖಾನೆಗಳು ಡಿಎಂಎಫ್‌ಗೆ ಕಟ್ಟುವುದಿಲ್ಲ, ಆದರೆ ಪುರಾವೆ ಕೂಡಿಸುವ, ಕಾಗದ ತರಿಸುವ ದಾರಿ ಒಂದೇ.

ಕಾಗದ ತರಿಸುವುದು ಅಂದೆ. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಉತ್ತರ ಬರುವುದಿಲ್ಲ, ಅದು ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಕಂಪನಿ ಸರ್ಕಾರಕ್ಕೆ ಕೊಟ್ಟ ಕಾಗದ ಮಾತ್ರ ಸರ್ಕಾರದಿಂದ ಸಿಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಿಂದ ಚಿಮಣಿಯ ಮಾಪನ ವರದಿ, ಊರಿನ ಗಾಳಿಯ ವರದಿ, ಪರಿಸರ ಅನುಮತಿ ಷರತ್ತುಗಳ ಆರು ತಿಂಗಳ ಪಾಲನಾ ವರದಿ. ಗಣಿ ಸುರಕ್ಷತಾ ಕಚೇರಿಯಿಂದ ಕಂಪನದ ದಾಖಲೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಗುತ್ತಿಗೆವಾರು ಡಿಎಂಎಫ್ ಜಮೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ. ಮೂರು ವಿಷಯ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಬಂದ ವರದಿಯಲ್ಲಿ ಗಾಳಿಯ ಅಂಕಿ ನೋಡುವಾಗ ನೆನಪಿರಲಿ: 10 ಮೈಕ್ರಾನ್ ಧೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ, 2.5 ಮೈಕ್ರಾನಿಗೆ 60. ಅಳತೆ ಯಾವ ತಿಂಗಳಲ್ಲಿ ಆಯಿತು, ಯಂತ್ರ ಊರಿನ ಯಾವ ದಿಕ್ಕಿನಲ್ಲಿತ್ತು ಎಂಬುದನ್ನು ಮೊದಲು ನೋಡಿ. ಆಗಸ್ಟಿನ ಮಳೆಯಲ್ಲಿ ಅಳೆದ ಗಾಳಿ ಎಲ್ಲ ಊರಲ್ಲೂ ಶುದ್ಧವೇ.

ಈಗ ಪ್ರಸ್ತಾವನೆ. ಬುಡಕಟ್ಟು ಜನರಿಗಾಗಿ ಸಂವಿಧಾನದ ಐದನೇ ಅನುಸೂಚಿಯಡಿ ಗುರುತಿಸಿದ ಪರಿಶಿಷ್ಟ ಪ್ರದೇಶಗಳಲ್ಲಿ ಡಿಎಂಎಫ್ ಕಾಮಗಾರಿಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲದ ಕಾರಣ ನಮಗೆ ಆ ರಕ್ಷಣೆಯಿಲ್ಲ. ಅದಕ್ಕೇ ಇಲ್ಲಿ ಗ್ರಾಮಸಭೆಯ ಠರಾವು ತಾನಾಗಿ ಯಾರೂ ಕೇಳುವುದಿಲ್ಲ, ನಾವೇ ಮಾಡಿಸಿ ಒಯ್ಯಬೇಕು. "ನಮ್ಮ ಊರಿಗೆ ಡಿಎಂಎಫ್ ಅನುದಾನ ಕೊಡಬೇಕೆಂದು ತೀರ್ಮಾನಿಸಲಾಯಿತು" ಎಂಬ ಠರಾವು ಕಡತದಲ್ಲಿ ಮಲಗುತ್ತದೆ. ಹೀಗೆ ಬರೆಸಿ:

"ನಮ್ಮ ಗ್ರಾಮದ ಶಾಲೆಯು ಗಣಿ ಗುತ್ತಿಗೆಯ ಗಡಿಕಲ್ಲಿನಿಂದ 1.2 ಕಿ.ಮೀ. ದೂರದಲ್ಲಿದ್ದು ನೇರ ಬಾಧಿತ ಪ್ರದೇಶದಲ್ಲಿದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಧೂಳಿನ ಅಳತೆ, ಐದು ಬಾವಿಗಳ ನೀರಿನ ವರದಿ, ಬ್ಲಾಸ್ಟಿಂಗ್ ದಾಖಲೆ ಲಗತ್ತಿಸಿದೆ. ಆದ್ಯತಾ ವಲಯದ ಕುಡಿಯುವ ನೀರು ಶೀರ್ಷಿಕೆಯಡಿ 340 ಮನೆಗಳಿಗೆ ಕೆಳಕಂಡ ಕಾಮಗಾರಿ ಬೇಕು. ಜಾಗದ ಸರ್ವೆ ನಂಬರ್, ಪಹಣಿ, ಎಂಜಿನಿಯರ್ ಅಂದಾಜು ಪತ್ರಿಕೆ, ಐದು ವರ್ಷದ ನಿರ್ವಹಣೆಯ ಹೊಣೆ ಯಾರದೆಂಬ ವಿವರ ಜೊತೆಗಿದೆ."

ದೂರವನ್ನು ಊರಿನ ನಡುವಿನಿಂದ ಕಾರ್ಖಾನೆಯ ಗೇಟಿಗೆ ಅಳೆಯಬೇಡಿ, ಗುತ್ತಿಗೆಯ ಗಡಿಯಿಂದ ಅಳೆಯಿರಿ. ಗಡಿಯ ಅಕ್ಷಾಂಶ, ರೇಖಾಂಶ ಪರಿಸರ ಅನುಮತಿಗೆ ಅರ್ಜಿ ಹಾಕುವ ಕೇಂದ್ರದ ಪರಿವೇಶ್ ಜಾಲತಾಣದ ಕಡತಗಳಲ್ಲಿ ಇರುತ್ತವೆ, ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಅರ್ಧ ಗಂಟೆಯಲ್ಲಿ ನಕ್ಷೆ ತೆಗೆದುಕೊಡಬಲ್ಲರು. ಜಾಗದ ದಾಖಲೆ ಸರಿ ಇಲ್ಲದಿದ್ದರೆ ಕೆಲಸ ಮಂಜೂರಾದ ಮೇಲೂ ನಿಲ್ಲುತ್ತದೆ. ಠರಾವಿನ ಪ್ರತಿ ಪಿಡಿಒ ಸಹಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು, 2021ರ ಕೇಂದ್ರದ ಆದೇಶದಂತೆ ಡಿಎಂಎಫ್ ಆಡಳಿತ ಮಂಡಳಿಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು. ಶಾಸಕರು, ಸಂಸದರು ಸದಸ್ಯರು, ಅವರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾರ್ಷಿಕ ಯೋಜನೆ ತಯಾರಾಗುವ ಮೊದಲು ತಲುಪಬೇಕು. ಏಪ್ರಿಲ್ ಕಳೆದು ಒಯ್ದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ.

ಏನು ಕೇಳಬೇಕು ಎಂಬಲ್ಲಿ ನನ್ನದು ಖಚಿತ ಅಭಿಪ್ರಾಯ. ಶುದ್ಧ ನೀರಿನ ಘಟಕ ಎಲ್ಲರೂ ಕೇಳುತ್ತಾರೆ, ಉದ್ಘಾಟನೆಯೂ ಆಗುತ್ತದೆ, ಎರಡು ಬೇಸಿಗೆ ದಾಟುವಷ್ಟರಲ್ಲಿ ಬೀಗ ಬೀಳುತ್ತದೆ. ನಮ್ಮ ಗಡಸು ನೀರಿಗೆ ಘಟಕದೊಳಗಿನ ನೀರು ಸೋಸುವ ಪೊರೆಯ ಮೇಲೆ ಸುಣ್ಣ ಕಟ್ಟಿಕೊಳ್ಳುತ್ತದೆ, ಅದನ್ನು ತಡೆಯುವ ರಾಸಾಯನಿಕವನ್ನು ದಿನವೂ ಹಾಕದಿದ್ದರೆ ಪೊರೆ ಬೇಗ ಕೆಡುತ್ತದೆ. ಹತ್ತು ಕೊಡ ಎಳೆದರೆ ಹೆಚ್ಚುಕಡಿಮೆ ಅರ್ಧ ನೀರು ಉಪ್ಪಾಗಿ ಚರಂಡಿಗೆ ಹೋಗುತ್ತದೆ, ಬೋರ್ ಮೊದಲೇ ಬತ್ತುವ ಊರಲ್ಲಿ ಅದು ದೊಡ್ಡ ನಷ್ಟ. 20 ಲೀಟರಿಗೆ 5 ರೂಪಾಯಿಯಂತೆ ಬಂದ ದುಡ್ಡು ಕರೆಂಟ್ ಬಿಲ್ಲಿಗೇ ಸಾಲದು. ಘಟಕ ಬೇಕೇ ಬೇಕೆಂದರೆ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆ, ಪೊರೆ ಬದಲಾವಣೆ ಸೇರಿಸಲು ಠರಾವಿನಲ್ಲಿ ಬರೆಸಿ. ಹತ್ತಿರದಲ್ಲಿ ನದಿ ಮೂಲದ ಬಹುಗ್ರಾಮ ಯೋಜನೆಯ ಕೊಳವೆ ಹಾದುಹೋಗಿದ್ದರೆ ಅದರಿಂದ ಕವಲು ಎಳೆಯಲು ಕೇಳುವುದು ಹೆಚ್ಚು ಬಾಳುತ್ತದೆ.

ಆರೋಗ್ಯಕ್ಕೆ ಕಟ್ಟಡಕ್ಕಿಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಶ್ವಾಸ ಪರೀಕ್ಷಾ ಯಂತ್ರ, ಅದನ್ನು ಬಳಸಲು ಬರುವ ಒಬ್ಬ ಸಿಬ್ಬಂದಿ, ತಿಂಗಳಿಗೊಮ್ಮೆ ಎದೆರೋಗದ ವೈದ್ಯರು. ದುಡಿಮೆಗೆ ಹೊಲಿಗೆ ಯಂತ್ರ ಹಂಚುವುದು ಸಾಕು ಇನ್ನು. ಒಂದೇ ಊರಲ್ಲಿ ಐವತ್ತು ಹೊಲಿಗೆ ಯಂತ್ರಕ್ಕೆ ಕೆಲಸವೆಲ್ಲಿದೆ? ಸ್ತ್ರೀಶಕ್ತಿ ಸಂಘದವರಿಗೆ ಸಣ್ಣ ದಾಲ್ ಮಿಲ್ಲು, ತೊಗರಿ ಒಣಗಿಸುವ ಕಟ್ಟೆ, ಕಾಳು ಕೆಡದಂತೆ ಇಡುವ ಗೋದಾಮು ಕೇಳಿ, ಬೆಳೆ ಅವರ ಕೈಯಲ್ಲೇ ಇದೆ. ಒಂದು ಮಾತು: ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಕೊಡುವ ಮೀಸಲಾತಿ ಸರ್ಕಾರಿ ಹುದ್ದೆ, ಶಿಕ್ಷಣಕ್ಕೆ ಮಾತ್ರ, ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಅನ್ವಯಿಸುವುದಿಲ್ಲ. ಸ್ಥಳೀಯರಿಗೆ ಕೆಲಸ ಎಂಬ ಮಾತನ್ನು ಬರಹದಲ್ಲಿ ಹಿಡಿಯಬಹುದಾದ ಜಾಗ ಪರಿಸರ ಸಾರ್ವಜನಿಕ ಅಹವಾಲು ಸಭೆ.

ಹೊಸ ಗಣಿ, ವಿಸ್ತರಣೆಗೆ ಆ ಸಭೆ ನಡೆಯುತ್ತದೆ. 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿರಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ಸಭೆಗೆ ಕೋರಂ ಇಲ್ಲ, ಹತ್ತು ಜನ ಬಂದರೂ ನಡೆದಂತೆಯೇ. ಮಾತಾಡಿದ್ದನ್ನು ಬರೆದೂ ಕೊಡಿ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಊಟದ ಹೊತ್ತಾಯಿತೆಂದು ಎದ್ದು ಹೋದರೆ ನಿಮ್ಮ ಆಕ್ಷೇಪ ಬಿಟ್ಟುಹೋದದ್ದು ಗೊತ್ತಾಗುವುದೇ ಇಲ್ಲ.

ಇದೆಲ್ಲ ಆದಮೇಲೂ ಬಗೆಹರಿಯದಿದ್ದರೆ ಹಸಿರು ನ್ಯಾಯಮಂಡಳಿ. ನಮ್ಮದು ಚೆನ್ನೈ ಪೀಠ. ಪರಿಹಾರಕ್ಕೆ ಐದು ವರ್ಷದೊಳಗೆ, ಬೇರೆ ಆದೇಶಕ್ಕೆ ಆರು ತಿಂಗಳೊಳಗೆ ಹೋಗಬೇಕು. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ, ಕೇಳಿದರೆ ಕೇಳಿದ ಮೊತ್ತದ ಶೇ 1. ಮೇಲೆ ಹೇಳಿದ ತಟ್ಟೆ, ನೋಟ್‌ಬುಕ್, ನೀರಿನ ವರದಿ ಇಲ್ಲದೆ ಅಲ್ಲಿಗೆ ಹೋದರೆ ಬರಿಗೈ.

ಉಳಿದದ್ದು ಹಳೆಯ ಖಣಿಗಳು. ದೊಡ್ಡ ಸುಣ್ಣಕಲ್ಲು ಗಣಿಯವರು ಮುಚ್ಚುವ ಎರಡು ವರ್ಷ ಮೊದಲೇ ಅಂತಿಮ ಮುಚ್ಚುವಿಕೆ ಯೋಜನೆ ಕೊಡಬೇಕು, ಹೆಕ್ಟೇರಿಗೆ ಇಷ್ಟೆಂದು ಭದ್ರತಾ ಠೇವಣಿ ಇಡಬೇಕು. 2021ರ ತಿದ್ದುಪಡಿಯಲ್ಲಿ ಅದನ್ನು ಯಂತ್ರ ಬಳಸುವ ದೊಡ್ಡ ಗಣಿಗಳಿಗೆ 5 ಲಕ್ಷಕ್ಕೆ ಏರಿಸಿದರು. ಆ ಯೋಜನೆಯಲ್ಲಿ ಊರಿಗೆ ಕೆರೆ ಉಳಿಯುತ್ತದೋ ಬರಿಯ ಕಂದಕವೋ ಎಂಬುದು ನಿರ್ಧಾರವಾಗುತ್ತದೆ, ಆಗಲೇ ಬಾಯಿ ಬಿಡಬೇಕು. ಶಹಾಬಾದ್ ಸುತ್ತಲಿನ ಪರ್ಸಿ ಕಲ್ಲಿನ (ನೆಲಕ್ಕೆ ಹಾಸುವ ಕಲ್ಲು) ಸಣ್ಣ ಖಣಿಗಳಿಗೆ ಕೇಂದ್ರದ ಈ ಠೇವಣಿಯ ನಿಯಮ ಅನ್ವಯಿಸುವುದಿಲ್ಲ. ತೆಗೆದವರು ಹೋದರು, ನೀರು ತುಂಬಿದ ಗುಂಡಿ ನಿಂತಿತು, ಅಂಚು ನೆಟ್ಟಗೆ ಕಡಿದಂತಿರುವುದರಿಂದ ಬಿದ್ದ ದನ, ಮಕ್ಕಳು ಮೇಲೆ ಹತ್ತಲಾರರು. ಇವುಗಳಿಗೆ ಡಿಎಂಎಫ್‌ನಲ್ಲಿ ಕೇಳಬೇಕಾದದ್ದು ದುಬಾರಿಯೇನಲ್ಲ: ಅಲ್ಲೇ ಬಿದ್ದಿರುವ ಪರ್ಸಿ ಚೂರಿನಿಂದ ಸುತ್ತ ಸೊಂಟದೆತ್ತರದ ಗೋಡೆ, ಒಂದು ಕಡೆ ಅಂಚು ಒಡೆದು ದನ ಇಳಿದು ಹತ್ತುವಂಥ ಇಳಿಜಾರು, ನೀರು ಪರೀಕ್ಷೆ ಮಾಡಿಸಿ ಹಿಂಗಾರಿಗೆ ಒಂದು ನೀರು ಕೊಡಲು ಪಂಪು. ಗುಂಡಿ ಪಟ್ಟಾ ಜಮೀನಿನಲ್ಲಿದ್ದರೆ ಮಾಲೀಕರ ಒಪ್ಪಿಗೆ ಪತ್ರ ಮೊದಲು ಮಾಡಿಸಿ. ಎಂಜಿನಿಯರ್ ಬಂದು ಅಳತೆ ಮಾಡುವುದಕ್ಕೂ ಅದೇ ಬೇಕು.